ಬ್ರಿಡ್ಜ್ ಆಟದ ಮೊದಲ ಎಲೆ

ಇಸ್ಪೀಟಿನ ಎಲೆಗಳನ್ನು ವಿಜ್ಞಾನದ ಪತ್ರಿಕೆಯಲ್ಲಿ ಹರಡಿಕೊಂಡು ಕುಳಿತರೆ ಕೆಲವರಾದರೂ ಹುಬ್ಬು ಗಂಟಿಕ್ಕಬಹುದು. ಇಸ್ಪೀಟೆಂದರೆ ಜೂಜು, ಜೂಜೆಂದರೆ ಮನೆ ಹಾಳು ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ; ಅದು ಅಕಾರಣವೂ ಅಲ್ಲ. ಆದರೆ ಸಂಭವನೀಯತೆಯ ಗಣಿತವು ಹುಟ್ಟಿದ್ದೇ ಜೂಜಿನ ಮೇಜಿನ ಬಳಿ ಎದ್ದ ಪ್ರಶ್ನೆಯೊಂದರಿಂದ ಎಂಬುದನ್ನು ಮರೆಯಬಾರದು. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರಿಬ್ಬರು, ಅರ್ಧಕ್ಕೆ ನಿಂತ ಆಟದ ಪಣವನ್ನು ಆಟಗಾರರ ನಡುವೆ ನ್ಯಾಯವಾಗಿ ಹಂಚುವುದು ಹೇಗೆಂದು ಪತ್ರಮುಖೇನ ಚರ್ಚಿಸಿದರು. ಅಂದು ಮೊಳೆತ ಗಣಿತವೇ ಇಂದು ಅನಿಲಗಳ ಅಣುಚಲನೆಗೂ, ಜೀವವಿಮೆಗೂ, ಹವಾಮಾನದ ಮುನ್ಸೂಚನೆಗೂ ಆಧಾರವಾಗಿದೆ.

ಈ ಲೇಖನದಲ್ಲಿ ಪಣದ ಮಾತಿಲ್ಲ. ಬ್ರಿಡ್ಜ್ ಎಂಬ ಆಟದ ಒಂದೇ ಒಂದು ಕ್ಷಣವನ್ನು, ಎಂದರೆ ಮೊದಲ ಎಲೆಯನ್ನು ಮೇಜಿನ ಮೇಲೆ ಇಳಿಸುವ ಕ್ಷಣವನ್ನು, ಪರಿಶೀಲಿಸುವುದಷ್ಟೇ ಇದರ ಉದ್ದೇಶ. ತಿಳಿದುದು ಸ್ವಲ್ಪ, ತಿಳಿಯದುದು ಅಪಾರ, ಆದರೂ ನಿರ್ಧಾರವನ್ನು ಮುಂದೂಡುವಂತಿಲ್ಲ: ಇಂಥ ಸನ್ನಿವೇಶ ಇಸ್ಪೀಟಿನಲ್ಲಿ ಮಾತ್ರವೇ ಬರುವುದೆಂದು ಯಾರು ಹೇಳಿಯಾರು?

ಆಟದ ಸ್ವರೂಪ

ಆಟವನ್ನು ಅರಿಯದವರಿಗಾಗಿ ಅದರ ನಿಯಮಗಳನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ. ಬ್ರಿಡ್ಜನ್ನು ನಾಲ್ವರು ಆಡುತ್ತಾರೆ. ಮೇಜಿನ ನಾಲ್ಕು ಬದಿಗಳಿಗೆ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ಹೆಸರು. ಎದುರುಬದುರಾಗಿ ಕುಳಿತವರು ಜೊತೆಗಾರರು. ಉತ್ತರ ದಕ್ಷಿಣದವರು ಒಂದು ಪಕ್ಷ, ಪೂರ್ವ ಪಶ್ಚಿಮದವರು ಇನ್ನೊಂದು. 52 ಎಲೆಗಳನ್ನು ಕಲಸಿ ಒಬ್ಬೊಬ್ಬರಿಗೆ 13ರಂತೆ ಹಂಚುತ್ತಾರೆ. ಇಸ್ಪೇಟು, ಆಟೀನು, ಡೈಮನ್, ಕಳಾವರ್ ಎಂದು ನಾಲ್ಕು ರಂಗುಗಳು. ರಂಗೆಂದರೆ ಇಲ್ಲಿ ಕೆಂಪು ಕಪ್ಪುಗಳಲ್ಲ, ಎಲೆಯ ಮೇಲಿನ ಚಿಹ್ನೆ. ಪ್ರತಿ ರಂಗಿನಲ್ಲಿಯೂ ಎಕ್ಕವೇ ದೊಡ್ಡದು. ಅನಂತರ ರಾಜ, ರಾಣಿ, ಗುಲಾಮ, 10 ಎಂದು ಇಳಿಯುತ್ತ 2ರಲ್ಲಿ ಕೊನೆಗೊಳ್ಳುತ್ತದೆ.

ಒಬ್ಬನು ಒಂದು ಎಲೆಯನ್ನು ಇಳಿಸಿದರೆ ಉಳಿದ ಮೂವರು ಅದೇ ರಂಗಿನ ಎಲೆಯನ್ನು ಹಾಕಬೇಕು. ಆ ರಂಗು ಕೈಯಲ್ಲಿ ಇಲ್ಲದಿದ್ದರೆ ಮಾತ್ರ ಬೇರೆಯದನ್ನು ಹಾಕಬಹುದು. ನಾಲ್ಕು ಎಲೆಗಳಲ್ಲಿ ದೊಡ್ಡದನ್ನು ಹಾಕಿದವನಿಗೆ ಆ ‘ಟ್ರಿಕ್’ ಸಲ್ಲುತ್ತದೆ, ಮುಂದಿನ ಎಲೆಯನ್ನು ಇಳಿಸುವ ಹಕ್ಕೂ ಅವನದೇ. ಹೀಗೆ ಒಟ್ಟು 13 ಟ್ರಿಕ್‌ಗಳು. ಒಂದು ರಂಗನ್ನು ತುರುಫು ಮಾಡಿ ಆಡಬಹುದು. ತುರುಫೇ ಇಲ್ಲದೆಯೂ ಆಡಬಹುದು.

ತುರುಫು ಯಾವುದು, ಯಾರು ಎಷ್ಟು ಟ್ರಿಕ್ ಪಡೆಯಬೇಕು ಎಂಬುದು ಆಟಕ್ಕೆ ಮುಂಚೆ ನಡೆಯುವ ಹರಾಜಿನಲ್ಲಿ ತೀರ್ಮಾನವಾಗುತ್ತದೆ. ಕೂಗಿದ ಸಂಖ್ಯೆಗೆ 6ನ್ನು ಸೇರಿಸಿದರೆ ಪಡೆಯಬೇಕಾದ ಟ್ರಿಕ್‌ಗಳ ಸಂಖ್ಯೆ ದೊರೆಯುತ್ತದೆ. ‘ತುರುಫಿಲ್ಲದೆ 3’ ಎಂದು ಕೂಗಿದವನು 9 ಟ್ರಿಕ್ ಪಡೆಯುವೆನೆಂದು ಕರಾರು ಮಾಡಿದಂತಾಯಿತು. ಆತನ ಪಕ್ಷದಲ್ಲಿ ಆ ತುರುಫನ್ನು ಅಥವಾ ‘ತುರುಫಿಲ್ಲದೆ’ ಎಂಬುದನ್ನು ಮೊದಲು ಕೂಗಿದವನನ್ನು ಕರಾರುದಾರನೆನ್ನೋಣ. ಆತನ ಎಡಗಡೆಯವನು ಮೊದಲ ಎಲೆಯನ್ನು ಇಳಿಸುತ್ತಾನೆ. ಅದಾದ ಮೇಲೆಯೇ ಕರಾರುದಾರನ ಜೊತೆಗಾರನು ತನ್ನ 13 ಎಲೆಗಳನ್ನೂ ಮೇಜಿನ ಮೇಲೆ ತೆರೆದಿಡುತ್ತಾನೆ. ಆ ಕೈಗೆ ‘ಡಮ್ಮಿ’ ಎಂದು ಹೆಸರು. ಅದನ್ನು ಆಡಿಸುವವನೂ ಕರಾರುದಾರನೇ. ಈ ರೂಪದ ಆಟಕ್ಕೆ ಅಂಕಗಳ ಕ್ರಮವನ್ನು ರಚಿಸಿದವನು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್. 1925ರಲ್ಲಿ, ಪನಾಮಾ ಕಾಲುವೆಯ ಮೂಲಕ ಹವಾನಾ ನಗರಕ್ಕೆ ಸಾಗುತ್ತಿದ್ದ ಹಡಗಿನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು.

ಒಂದು ಅಂಶವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಡಮ್ಮಿ ತೆರೆದ ಮೇಲೆ ಪ್ರತಿಯೊಬ್ಬ ಆಟಗಾರನೂ ತನ್ನ 13 ಮತ್ತು ಡಮ್ಮಿಯ 13, ಒಟ್ಟು 26 ಎಲೆಗಳನ್ನು ನೋಡಿಕೊಂಡು ಆಡುತ್ತಾನೆ. ಕೇವಲ 13 ಎಲೆಗಳನ್ನು ನೋಡಿ ಇಳಿಸಬೇಕಾದ ಎಲೆ ಆಟದಲ್ಲೆಲ್ಲ ಒಂದೇ ಒಂದು. ಅದೇ ಮೊದಲನೆಯದು. ಎಷ್ಟೋ ಕರಾರುಗಳ ಹಣೆಬರಹ ಆ ಒಂದು ಎಲೆಯಿಂದಲೇ ನಿಶ್ಚಯವಾಗುವುದರಿಂದ, ಅತ್ಯಂತ ಕಡಿಮೆ ತಿಳಿವಳಿಕೆಯಿಂದ ಅತ್ಯಂತ ಮುಖ್ಯವಾದ ನಿರ್ಧಾರವನ್ನು ಕೈಗೊಳ್ಳಬೇಕಾದ ಇಕ್ಕಟ್ಟು ಅಲ್ಲಿ ಒದಗುತ್ತದೆ.

ಅಜ್ಞಾನದ ಅಳತೆ

ಕಾಣದಿರುವ 39 ಎಲೆಗಳು ಉಳಿದ ಮೂವರ ಕೈಗಳಲ್ಲಿ ಎಷ್ಟು ಬಗೆಯಾಗಿ ಹಂಚಿಹೋಗಿರಬಹುದು? 39ರಿಂದ 13ನ್ನು ಆರಿಸುವ ಬಗೆಗಳು 812,24,25,444. ಉಳಿದ 26ರಿಂದ 13ನ್ನು ಆರಿಸುವ ಬಗೆಗಳು 1,04,00,600. ಮಿಕ್ಕ 13 ಮೂರನೆಯವನವು. ಮೊದಲಿನ ಎರಡನ್ನು ಗುಣಿಸಿದರೆ ಬರುವ ಸಂಖ್ಯೆ ಸುಮಾರು 845 ಕೋಟಿ ಕೋಟಿ. ಸೆಕೆಂಡಿಗೆ ಒಂದರಂತೆ ಈ ಹಂಚಿಕೆಗಳನ್ನು ಪರೀಕ್ಷಿಸುತ್ತ ಕುಳಿತರೆ 268 ಕೋಟಿ ವರ್ಷಗಳು ಬೇಕಾಗುತ್ತವೆ. ಭೂಮಿಯ ವಯಸ್ಸಿನ ಅರ್ಧಕ್ಕಿಂತ ಹೆಚ್ಚು. ಆಟಗಾರನಿಗಿರುವುದಾದರೋ ಒಂದೆರಡು ನಿಮಿಷ.

ಆದರೂ ಅನುಭವಿಯಾದ ಆಟಗಾರನು ಕಣ್ಣು ಮುಚ್ಚಿ ಎಲೆಯನ್ನು ಎಳೆಯುವುದಿಲ್ಲ. ಆತನಿಗೆ ಸಾಕ್ಷಿಗಳಿವೆ: ತನ್ನ ಕೈಯ ಎಲೆಗಳು, ಹರಾಜಿನಲ್ಲಿ ಇತರರು ಆಡಿದ ಮಾತು, ಮತ್ತು ಅವರು ಆಡದೆ ಬಿಟ್ಟ ಮಾತು. ಇವುಗಳಿಂದ 845 ಕೋಟಿ ಕೋಟಿ ಬಗೆಗಳಲ್ಲಿ ಬಹುಪಾಲನ್ನು ತಳ್ಳಿಹಾಕಬಹುದು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪಶ್ಚಿಮದಲ್ಲಿ ಕುಳಿತಿರುವವರು ನೀವೇ ಎಂದು ಭಾವಿಸಿ. ನಿಮ್ಮ ಕೈ ಹೀಗಿದೆ:

ಇಸ್ಪೇಟು: 10, 8
ಆಟೀನು: ಗುಲಾಮ, 6, 3
ಡೈಮನ್: ರಾಣಿ, 7, 5, 2
ಕಳಾವರ್: 9, 8, 6, 4

ಹರಾಜು ಬಹಳ ಚಿಕ್ಕದು. ದಕ್ಷಿಣದವನು ‘ತುರುಫಿಲ್ಲದೆ 1’ ಎಂದ. ನೀವು ಸುಮ್ಮನಿದ್ದಿರಿ. ಉತ್ತರದವನು ನೇರವಾಗಿ ‘ತುರುಫಿಲ್ಲದೆ 3’ ಎಂದ. ಅಲ್ಲಿಗೆ ಮುಗಿಯಿತು. ಈಗ ಯಾವ ಎಲೆಯನ್ನು ಇಳಿಸುವಿರಿ?

ಹಳೆಯ ಸೂತ್ರ

ಇಂಥ ಸಂದರ್ಭಕ್ಕೆ ವಿಸ್ಟ್ ಎಂಬ ಹಿಂದಿನ ಆಟದ ಕಾಲದಿಂದಲೂ ಬಂದ ಸೂತ್ರವೊಂದುಂಟು: ನಿಮ್ಮಲ್ಲಿ ಅತಿ ಉದ್ದವಾಗಿಯೂ ಬಲವಾಗಿಯೂ ಇರುವ ರಂಗಿನಲ್ಲಿ ಮೇಲಿನಿಂದ ನಾಲ್ಕನೆಯ ಎಲೆಯನ್ನು ಇಳಿಸಿ.

ಇದರ ತರ್ಕ ಸರಳವಾದುದು. ತುರುಫಿಲ್ಲದ ಆಟವು ಒಂದು ಓಟದ ಪಂದ್ಯ. ಒಂದು ರಂಗನ್ನು ಪದೇಪದೇ ಆಡಿ ಎದುರಾಳಿಗಳ ದೊಡ್ಡ ಎಲೆಗಳನ್ನು ಹೊರಡಿಸಿದರೆ, ಆ ರಂಗಿನಲ್ಲಿ ಉಳಿದ 3, 4ರಂಥ ಚಿಲ್ಲರೆ ಎಲೆಗಳೂ ಟ್ರಿಕ್ ಗೆಲ್ಲುತ್ತವೆ. ಅವನ್ನು ಕತ್ತರಿಸಲು ತುರುಫೇ ಇಲ್ಲವಷ್ಟೆ. ಎರಡು ಪಕ್ಷಗಳೂ ತಮ್ಮ ತಮ್ಮ ಉದ್ದದ ರಂಗನ್ನು ಹೀಗೆ ಹಣ್ಣು ಮಾಡಿಕೊಳ್ಳಲು ಹವಣಿಸುತ್ತವೆ. ಕರಾರುದಾರನ ಪಕ್ಷಕ್ಕೆ ದೊಡ್ಡ ಎಲೆಗಳು ಹೆಚ್ಚು. ನಿಮ್ಮ ಪಕ್ಷಕ್ಕೆ ಇರುವ ಅನುಕೂಲವೆಂದರೆ ಓಟವನ್ನು ಮೊದಲು ಆರಂಭಿಸುವ ಹಕ್ಕು.

‘ನಾಲ್ಕನೆಯ ಎಲೆ’ ಏಕೆ? ಅದು ಜೊತೆಗಾರನಿಗೆ ಕಳುಹಿಸುವ ಸಂದೇಶ. ಎಕ್ಕಕ್ಕೆ 14, ರಾಜನಿಗೆ 13, ರಾಣಿಗೆ 12, ಗುಲಾಮನಿಗೆ 11 ಎಂದು ಬೆಲೆ ಕಟ್ಟಿದರೆ, 6ಕ್ಕಿಂತ ದೊಡ್ಡ ಎಲೆಗಳು 14ರಿಂದ 6ನ್ನು ಕಳೆದಷ್ಟು, ಎಂದರೆ 8. ಇಳಿಸಿದ 6 ನಾಲ್ಕನೆಯದಾದರೆ ಅದಕ್ಕಿಂತ ದೊಡ್ಡವು 3 ಇಳಿಸಿದವನಲ್ಲಿಯೇ ಇವೆ. ಆದುದರಿಂದ ಉಳಿದ ಮೂರು ಕೈಗಳಲ್ಲಿ 5. ಸಂಕ್ಷೇಪವಾಗಿ ಹೇಳುವುದಾದರೆ, ಇಳಿಸಿದ ಎಲೆಯ ಸಂಖ್ಯೆಯನ್ನು 11ರಿಂದ ಕಳೆದರೆ ಸಾಕು. ಜೊತೆಗಾರನು ತನ್ನ ಕೈಯನ್ನೂ ಡಮ್ಮಿಯನ್ನೂ ನೋಡಿ, ಕರಾರುದಾರನಲ್ಲಿ ಅಂಥ ಎಲೆಗಳು ಎಷ್ಟೆಂದು ಹೇಳಬಲ್ಲನು. ಆರ್. ಎಫ್. ಫಾಸ್ಟರ್ ಎಂಬುವನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರಸಿದ್ಧಿಗೆ ತಂದ ಈ ‘ಹನ್ನೊಂದರ ಸೂತ್ರ’ ಬೀಜಗಣಿತದ ಒಂದು ಸಾಲಿನ ಲೆಕ್ಕವಷ್ಟೆ. ಆದರೂ ಇಂದಿಗೂ ಮೇಜಿನ ಬಳಿ ಬಳಕೆಯಲ್ಲಿದೆ. ಸಂದೇಶವನ್ನು ಕರಾರುದಾರನೂ ಓದಬಲ್ಲನು ಎಂಬುದು ಅದರ ಬೆಲೆ. ಬ್ರಿಡ್ಜ್‌ನಲ್ಲಿ ಗುಟ್ಟಿನ ಸಂಕೇತಗಳು ಕೂಡದು. ಒಂದು ಪಕ್ಷದ ಸಂಕೇತದ ಅರ್ಥವನ್ನು ಕೇಳಿ ತಿಳಿಯುವ ಹಕ್ಕು ಇನ್ನೊಂದು ಪಕ್ಷಕ್ಕೆ ಉಂಟು.

ಈ ಸೂತ್ರವನ್ನು ಪಾಲಿಸಿದರೆ ನೀವು ಇಳಿಸಬೇಕಾದುದು ಡೈಮನ್ 2. ಆತುರ ಬೇಡ. ಸಾಕ್ಷಿಗಳನ್ನು ವಿಚಾರಿಸೋಣ.

ಮಾತಿನ ಸಾಕ್ಷಿ

ಕೈಯ ಬಲವನ್ನು ಅಳೆಯಲು ಆಟಗಾರರು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂಕವನ್ನು ಕೊಡುತ್ತಾರೆ. ಒಂದು ರಂಗಿಗೆ 10, ನಾಲ್ಕು ರಂಗುಗಳಿಗೆ 40. ಎಲೆಗಳನ್ನು ಹೇಗೆಯೇ ಹಂಚಿದರೂ ಈ 40 ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ಹತಾರ: ಮುಚ್ಚಿದ ವ್ಯವಸ್ಥೆಯಲ್ಲಿ ಒಂದು ಪರಿಮಾಣದ ಮೊತ್ತ ಸ್ಥಿರವಾಗಿದ್ದರೆ, ಕಂಡ ಭಾಗಗಳನ್ನು ಕಳೆದು ಕಾಣದ ಭಾಗವನ್ನು ಅರಿಯಬಹುದು.

ಇಲ್ಲಿ ದಕ್ಷಿಣದವನ ‘ತುರುಫಿಲ್ಲದೆ 1’ ಎಂಬ ಕೂಗಿಗೆ ಬಹುಮಂದಿ ಒಪ್ಪಿರುವ ಅರ್ಥ 15ರಿಂದ 17 ಅಂಕಗಳು, ಮತ್ತು ನಾಲ್ಕು ರಂಗುಗಳೂ ಸಮನಾಗಿ ಹರಡಿದ ಕೈ. ಉತ್ತರದವನು ನೇರವಾಗಿ 3ಕ್ಕೆ ಏರಿದ್ದರಿಂದ ಅವನಲ್ಲಿ 10ಕ್ಕೆ ಕಡಿಮೆಯಿರಲಾರದು. ಅವರಿಬ್ಬರ ಮೊತ್ತ 25 ಅಥವಾ ಅದಕ್ಕೆ ಸ್ವಲ್ಪ ಹೆಚ್ಚು. ನಿಮ್ಮದು 3. ಹಾಗಾದರೆ ನಿಮ್ಮ ಜೊತೆಗಾರನಲ್ಲಿ 9ರಿಂದ 12 ಅಂಕಗಳಿರಬೇಕು. ನಿಮ್ಮ ಪಕ್ಷದ ಬಲವೆಲ್ಲ ಪೂರ್ವದಲ್ಲಿದೆ! ನಿಮ್ಮ ಡೈಮನ್‌ಗಳನ್ನು ಹೇಗೋ ಹಣ್ಣು ಮಾಡಿದರೂ ಅವುಗಳ ಫಲವನ್ನು ಪಡೆಯಲು ನೀವು ಮತ್ತೊಮ್ಮೆ ಟ್ರಿಕ್ ಗೆದ್ದು ಕೈಗೆ ಬರಬೇಕು. ಅದಕ್ಕೆ ತಕ್ಕ ಎಲೆ ನಿಮ್ಮಲ್ಲಿ ಇಲ್ಲ. ಆದುದರಿಂದ ಪ್ರಶ್ನೆಯೇ ಬದಲಾಯಿತು. ‘ನನ್ನ ಉದ್ದದ ರಂಗು ಯಾವುದು?’ ಎಂದಲ್ಲ, ‘ಜೊತೆಗಾರನ ಉದ್ದದ ರಂಗು ಯಾವುದು?’ ಎಂದು ಕೇಳಿಕೊಳ್ಳಬೇಕು.

ಮೌನದ ಸಾಕ್ಷಿ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಇಲ್ಲಿ ಹೊಸ ಅರ್ಥವನ್ನು ಪಡೆಯುತ್ತದೆ. ಇಸ್ಪೇಟು ಮತ್ತು ಆಟೀನುಗಳಿಗೆ ಅಂಕದ ಲಾಭ ಹೆಚ್ಚಾದುದರಿಂದ ಅವು ಹಿರಿಯ ರಂಗುಗಳು. ಡೈಮನ್, ಕಳಾವರ್‌ಗಳು ಕಿರಿಯವು. ಉತ್ತರದವನಲ್ಲಿ ಹಿರಿಯ ರಂಗಿನ 4 ಎಲೆಗಳಿದ್ದಿದ್ದರೆ, ಆತ ಸಾಮಾನ್ಯವಾಗಿ ‘ಕಳಾವರ್ 2’ ಎಂದು ಕೂಗಿ, ‘ನಿನ್ನಲ್ಲಿಯೂ ಹಿರಿಯ ರಂಗಿನ 4 ಎಲೆಗಳಿವೆಯೆ?’ ಎಂದು ಜೊತೆಗಾರನನ್ನು ವಿಚಾರಿಸುತ್ತಿದ್ದ. ಅಮೆರಿಕದ ಸ್ಟೇಮನ್ ಎಂಬ ಆಟಗಾರನ ಹೆಸರಿನಿಂದ ಪ್ರಸಿದ್ಧವಾದ ಏರ್ಪಾಡು ಇದು. ಆತ ವಿಚಾರಿಸಲಿಲ್ಲ. ಆದುದರಿಂದ ಅವನಲ್ಲಿ ಇಸ್ಪೇಟು 3ಕ್ಕಿಂತ ಹೆಚ್ಚಿಲ್ಲ, ಆಟೀನೂ 3ಕ್ಕಿಂತ ಹೆಚ್ಚಿಲ್ಲ. ಹಾಗಿದ್ದರೆ ಅವನ 13 ಎಲೆಗಳಲ್ಲಿ 7 ಆದರೂ ಕಿರಿಯ ರಂಗಿನವು. ಡೈಮನ್ ಇಳಿಸುವುದೆಂದರೆ ಅವನ ಬಲದ ಬಾಯಿಗೆ ಹೋಗಿ ಬೀಳುವ ಸಂಭವವೇ ಹೆಚ್ಚು.

ಈ ಮೌನದ ಬೆಲೆಯನ್ನು ಅಂಕಿಗಳಲ್ಲಿಯೂ ಹೇಳಬಹುದು. ನಿಮ್ಮಲ್ಲಿ ಇಸ್ಪೇಟು 2, ಹೊರಗೆ 11. ಏನೂ ತಿಳಿಯದಿದ್ದರೆ ಮೂವರಿಗೂ ಸಮಪಾಲು. ಜೊತೆಗಾರನಲ್ಲಿ ಸರಾಸರಿ 3.67 ಇಸ್ಪೇಟುಗಳೆಂದು ಎಣಿಸಬೇಕು. ಉತ್ತರದವನಲ್ಲಿ 3ಕ್ಕಿಂತ ಹೆಚ್ಚಿಲ್ಲವೆಂದು ತಿಳಿದೊಡನೆ ಲೆಕ್ಕ ಬದಲಾಗಿ ಈ ಸರಾಸರಿ 4.26ಕ್ಕೆ ಏರುತ್ತದೆ. ದಕ್ಷಿಣದವನ ಕೈ ಸಮನಾಗಿ ಹರಡಿದ್ದು, ಅವನಲ್ಲಿ ಇಸ್ಪೇಟು 2ರಿಂದ 4 ಎಂಬುದನ್ನೂ ಸೇರಿಸಿದರೆ ಅದು 4.97, ಎಂದರೆ ಹೆಚ್ಚುಕಡಿಮೆ 5! ಯಾರೂ ಇಸ್ಪೇಟಿನ ಹೆಸರನ್ನೇ ಎತ್ತಲಿಲ್ಲ. ಆದರೂ ಜೊತೆಗಾರನ ಕೈಯಲ್ಲಿ ಸುಮಾರು 5 ಇಸ್ಪೇಟುಗಳು ನಮಗೆ ಕಾಣತೊಡಗಿದವು. ಆಟೀನಿಗೂ ಇದೇ ತರ್ಕ ಅನ್ವಯಿಸುತ್ತದೆ. ಆದರೆ ನಿಮ್ಮಲ್ಲಿಯೇ 3 ಆಟೀನುಗಳಿರುವುದರಿಂದ ಜೊತೆಗಾರನ ಪಾಲು ಅಷ್ಟು ಕಡಿಮೆ.

ಇಲ್ಲೊಂದು ಎಚ್ಚರಿಕೆ. ‘ಜೊತೆಗಾರನಲ್ಲಿ 5 ಇಸ್ಪೇಟುಗಳೂ 10 ಅಂಕಗಳೂ ಇದ್ದರೆ ಆತನೇಕೆ ಕೂಗಲಿಲ್ಲ?’ ಎಂದು ಕೇಳಬಹುದು. ಆತನ ಸರದಿ ಬರುವ ವೇಳೆಗೆ ಹರಾಜು 3ರ ಮಟ್ಟಕ್ಕೆ ಏರಿಬಿಟ್ಟಿತ್ತು. ಬಾಯಿ ತೆರೆಯಬೇಕಾದರೆ 4 ಇಸ್ಪೇಟು ಎನ್ನಬೇಕು, 10 ಟ್ರಿಕ್ ಪಡೆಯಬೇಕು. ಆದುದರಿಂದ ಆತನ ಮೌನಕ್ಕೆ ಹೆಚ್ಚಿನ ಅರ್ಥವಿಲ್ಲ. ಉತ್ತರದವನಿಗೆ ಮಾತನಾಡಲು ಅವಕಾಶವೂ ಇತ್ತು, ಕಾರಣವೂ ಇರುತ್ತಿತ್ತು; ಆದರೂ ಆತ ಮಾತನಾಡಲಿಲ್ಲ. ಮಾತನಾಡಬಹುದಾಗಿದ್ದವನ ಮೌನ ಮಾತ್ರ ಸಾಕ್ಷಿ. ಅವಕಾಶವೇ ಇಲ್ಲದವನ ಮೌನ ಬರಿಯ ಮೌನ. ಪ್ರಯೋಗಶಾಲೆಯಲ್ಲಿಯೂ ಹೀಗೆಯೇ: ಉಪಕರಣವು ಒಂದು ವಸ್ತುವನ್ನು ಕಾಣಿಸಲು ಶಕ್ತವಾಗಿದ್ದಾಗ ಮಾತ್ರ ‘ಕಾಣಲಿಲ್ಲ’ ಎಂಬುದಕ್ಕೆ ಬೆಲೆಯುಂಟು.

ಹೀಗೆ ವಿಚಾರಿಸಿ ನೀವು ಇಸ್ಪೇಟು 10ನ್ನು ಇಳಿಸುತ್ತೀರಿ.

ಮುಂದೇನಾಯಿತು?

ಈಗ ಎಲ್ಲ ಕೈಗಳನ್ನೂ ತೆರೆದು ನೋಡೋಣ.

ಉತ್ತರ (ಡಮ್ಮಿ)
ಇಸ್ಪೇಟು: 7, 4, 2
ಆಟೀನು: 9, 7, 2
ಡೈಮನ್: ರಾಜ, ಗುಲಾಮ, 9, 4
ಕಳಾವರ್: ರಾಜ, ರಾಣಿ, ಗುಲಾಮ

ಪೂರ್ವ (ಜೊತೆಗಾರ)
ಇಸ್ಪೇಟು: ರಾಜ, ರಾಣಿ, ಗುಲಾಮ, 6, 3
ಆಟೀನು: ಎಕ್ಕ, 10, 5
ಡೈಮನ್: 10, 8
ಕಳಾವರ್: 10, 7, 2

ದಕ್ಷಿಣ (ಕರಾರುದಾರ)
ಇಸ್ಪೇಟು: ಎಕ್ಕ, 9, 5
ಆಟೀನು: ರಾಜ, ರಾಣಿ, 8, 4
ಡೈಮನ್: ಎಕ್ಕ, 6, 3
ಕಳಾವರ್: ಎಕ್ಕ, 5, 3

ಇಸ್ಪೇಟು 10ನ್ನು ಇಳಿಸಿದಾಗ ಕರಾರುದಾರನು ಎಷ್ಟೇ ಜಾಣನಾದರೂ ಎಕ್ಕವನ್ನು ಮೂರನೆಯ ಸುತ್ತಿನವರೆಗೆ ಮಾತ್ರ ತಡೆಹಿಡಿಯಬಲ್ಲ. ಅಷ್ಟರಲ್ಲಿ ನಿಮ್ಮ ಪಕ್ಷಕ್ಕೆ 2 ಟ್ರಿಕ್ ಬಂದಿರುತ್ತದೆ. ಪೂರ್ವದಲ್ಲಿ ಇನ್ನೆರಡು ಇಸ್ಪೇಟುಗಳು ಹಣ್ಣಾಗಿ ಕಾದಿರುತ್ತವೆ. ಕರಾರುದಾರನಿಗೆ ಇಸ್ಪೇಟಿನಲ್ಲಿ 1, ಕಳಾವರ್‌ನಲ್ಲಿ 3, ಡೈಮನ್‌ನಲ್ಲಿ ಎಲ್ಲವೂ ಅನುಕೂಲವಾದರೆ 4, ಒಟ್ಟು 8 ಟ್ರಿಕ್. ಒಂಬತ್ತನೆಯದಕ್ಕೆ ಆಟೀನನ್ನು ಮುಟ್ಟಲೇಬೇಕು. ಮುಟ್ಟಿದೊಡನೆ ಪೂರ್ವದವನು ಎಕ್ಕದಿಂದ ಗೆದ್ದು ಉಳಿದೆರಡು ಇಸ್ಪೇಟುಗಳನ್ನು ಮೇಜಿನ ಮೇಲಿಡುತ್ತಾನೆ. ನಿಮಗೆ 5 ಟ್ರಿಕ್, ಕರಾರು ಮುರಿಯಿತು.

ಡೈಮನ್ 2ನ್ನು ಇಳಿಸಿದ್ದರೆ? ದಕ್ಷಿಣದವನು ಎಕ್ಕದಿಂದ ಗೆಲ್ಲುತ್ತಾನೆ. 2ಕ್ಕಿಂತ ಚಿಕ್ಕ ಎಲೆಯಿಲ್ಲವಾದ್ದರಿಂದ ನಿಮ್ಮಲ್ಲಿ ಸರಿಯಾಗಿ 4 ಡೈಮನ್‌ಗಳಿವೆಯೆಂದೂ, ರಾಣಿ ಬಹುಶಃ ನಿಮ್ಮಲ್ಲಿಯೇ ಇದೆಯೆಂದೂ ಅವನಿಗೆ ಹೊಳೆಯುತ್ತದೆ. ಆತ ಕಳಾವರ್ ಮೂಲಕ ಡಮ್ಮಿಗೆ ಹೋಗಿ, ಅಲ್ಲಿಂದ ತನ್ನ ರಾಜ ರಾಣಿಗಳ ಕಡೆಗೆ ಆಟೀನನ್ನು ಆಡುತ್ತಾನೆ. ಬೇಕಾದರೆ ಇನ್ನೊಮ್ಮೆ ಹಾಗೆಯೇ ಮಾಡುತ್ತಾನೆ. ಪೂರ್ವದವನು ಎಕ್ಕವನ್ನು ಖರ್ಚು ಮಾಡಿ ಆಗ ಇಸ್ಪೇಟನ್ನು ಆರಂಭಿಸಿದರೆ ಕಾಲ ಮಿಂಚಿತು. ದಕ್ಷಿಣದವನು ಇಲ್ಲಿಯೂ ಇಸ್ಪೇಟಿನ ಎಕ್ಕವನ್ನು ಮೂರನೆಯ ಸುತ್ತಿಗೆ ಹಾಕುತ್ತಾನೆ. ಪೂರ್ವದಲ್ಲಿ ಎರಡು ಹಣ್ಣಾದ ಇಸ್ಪೇಟುಗಳು ಉಳಿದರೂ ಅವನ್ನು ಆಡಲು ಆತ ಮತ್ತೆ ಕೈಗೆ ಬರುವ ದಾರಿಯೇ ಇಲ್ಲ. ಇಸ್ಪೇಟು 1, ಆಟೀನು 2, ಡೈಮನ್ 3, ಕಳಾವರ್ 3: ಒಟ್ಟು 9. ಕರಾರು ಈಡೇರಿತು.

ಎರಡೂ ಸಲ ಎಲೆಗಳು ಅವೇ, ಆಟಗಾರರೂ ಅವರೇ. ವ್ಯತ್ಯಾಸ ಒಂದು ಸರದಿಯದು ಮಾತ್ರ.

ಒಂದು ಆಟ ಪ್ರಮಾಣವಾದೀತೆ?

ಎಚ್ಚರದ ಓದುಗರು ಇಲ್ಲಿ ನನ್ನನ್ನು ತಡೆಯಬೇಕು. ಈ ಹಂಚಿಕೆಯನ್ನು ನಾನೇ ಜೋಡಿಸಿದ್ದೇನೆ. ಇಸ್ಪೇಟು ಗೆಲ್ಲುವಂತೆ ಜೋಡಿಸಿದವನಿಗೆ ಡೈಮನ್ ಗೆಲ್ಲುವಂತೆ ಜೋಡಿಸುವುದೂ ಕಷ್ಟವಲ್ಲ. ಪೂರ್ವದವನಿಗೆ ಡೈಮನ್ ಎಕ್ಕ ರಾಜಗಳನ್ನು ಕೊಟ್ಟು, ಇಸ್ಪೇಟಿನ ದೊಡ್ಡ ಎಲೆಗಳನ್ನು ದಕ್ಷಿಣಕ್ಕೆ ವರ್ಗಾಯಿಸಿದರೆ ಹಳೆಯ ಸೂತ್ರವೇ ಜಯಿಸಬಹುದು. ಒಂದು ಉದಾಹರಣೆಯಿಂದ ತರ್ಕವು ಅರ್ಥವಾಗುತ್ತದೆಯೇ ಹೊರತು ಸಿದ್ಧವಾಗುವುದಿಲ್ಲ. ಹರಾಜಿಗೆ ಹೊಂದುವ ಎಲ್ಲ ಹಂಚಿಕೆಗಳಲ್ಲಿಯೂ ಯಾವ ಎಲೆ ಹೆಚ್ಚು ಸಲ ಗೆಲ್ಲುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಆ ಎಲ್ಲವನ್ನೂ ಎಣಿಸುವುದು ಅಸಾಧ್ಯ. ಹಾಗಾದರೆ ಉಪಾಯವೇನು?

ಉಪಾಯವು ಹೊಳೆದದ್ದೂ ಇಸ್ಪೀಟಿನ ಮುಂದೆಯೇ. 1946ರಲ್ಲಿ ಸ್ಟ್ಯಾನಿಸ್ಲಾವ್ ಉಲಾಂ ಎಂಬ ಗಣಿತಜ್ಞನು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ, ಹೊತ್ತು ಕಳೆಯಲು ಒಬ್ಬನೇ ಆಡುವ ಇಸ್ಪೀಟಾಟವನ್ನು ಆಡುತ್ತಿದ್ದ. ಈ ಆಟ ಕೈಗೂಡುವ ಸಂಭವನೀಯತೆ ಎಷ್ಟಿರಬಹುದು? ಸೂತ್ರದಿಂದ ಕಂಡುಹಿಡಿಯಲು ಯತ್ನಿಸಿ ಬೇಸತ್ತ ಆತನಿಗೆ, ನೂರು ಸಲ ಆಡಿ ಎಷ್ಟು ಸಲ ಕೈಗೂಡಿತೆಂದು ಎಣಿಸುವುದೇ ಸುಲಭವಲ್ಲವೆ ಎಂದು ತೋರಿತು. ಆಗತಾನೆ ಬರುತ್ತಿದ್ದ ಗಣಕಯಂತ್ರಗಳಿಂದ ಪರಮಾಣು ಗರ್ಭದ ನ್ಯೂಟ್ರಾನ್‌ಗಳ ಸಂಚಾರವನ್ನೂ ಹೀಗೆಯೇ ಲೆಕ್ಕ ಹಾಕಬಹುದೆಂದು ಆತ ಜಾನ್ ಫಾನ್ ನಾಯ್‌ಮನ್‌ನೊಡನೆ ಚರ್ಚಿಸಿದ. ಜೂಜಿನ ಮನೆಗೆ ಹೆಸರಾದ ಊರಿನ ಹೆಸರನ್ನೇ ಹೊತ್ತು ‘ಮಾಂಟೆ ಕಾರ್ಲೊ ವಿಧಾನ’ ಹುಟ್ಟಿಕೊಂಡಿತು. ಮೆಟ್ರೊಪೊಲಿಸ್ ಮತ್ತು ಉಲಾಂ ಅದನ್ನು ಕುರಿತ ಲೇಖನವನ್ನು 1949ರಲ್ಲಿ ಪ್ರಕಟಿಸಿದರು.

ವಿಧಾನದ ನಿಖರತೆಯನ್ನು ಸುಲಭವಾಗಿ ಅಂದಾಜು ಮಾಡಬಹುದು. ಒಂದು ಎಲೆ ಗೆಲ್ಲುವ ಸಂಭವ ಸರಿಸುಮಾರು ಅರ್ಧ ಎಂದುಕೊಂಡರೆ, 100 ಹಂಚಿಕೆಗಳನ್ನು ಪರೀಕ್ಷಿಸಿ ಪಡೆದ ಉತ್ತರದಲ್ಲಿ ಶೇಕಡ 5ರಷ್ಟು ಅನಿಶ್ಚಿತತೆಯಿರುತ್ತದೆ. 10,000 ಹಂಚಿಕೆಗಳಾದರೆ ಅದು ಶೇಕಡ ಅರ್ಧಕ್ಕೆ ಇಳಿಯುತ್ತದೆ. ನೂರು ಪಟ್ಟು ದುಡಿದರೆ ಹತ್ತು ಪಟ್ಟು ನಿಖರತೆ. ಇದು ವರ್ಗಮೂಲದ ನಿಯಮ.

1990ರ ದಶಕದ ಕೊನೆಯಲ್ಲಿ ಮ್ಯಾಥ್ಯೂ ಗಿನ್ಸ್‌ಬರ್ಗ್ ರಚಿಸಿದ ‘ಜಿಬ್’ ಎಂಬ ಬ್ರಿಡ್ಜ್ ಆಡುವ ಗಣಕ ಕಾರ್ಯಕ್ರಮವು ಈ ವಿಧಾನವನ್ನೇ ಬಳಸಿತು. ಡೇವಿಡ್ ಬರ್ಡ್ ಮತ್ತು ಟಾಫ್ ಆಂಥಿಯಾಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೊದಲ ಎಲೆಯ ಸೂತ್ರಗಳನ್ನೇ ಪರೀಕ್ಷೆಗೊಡ್ಡಿದರು. ಒಂದು ಕೈಯನ್ನೂ ಒಂದು ಹರಾಜನ್ನೂ ಸ್ಥಿರವಾಗಿರಿಸಿ, ಅದಕ್ಕೆ ಹೊಂದುವ ಸಾವಿರಾರು ಹಂಚಿಕೆಗಳನ್ನು ಗಣಕದಿಂದ ಹಂಚಿಸಿ, ಯಾವ ಎಲೆ ಎಷ್ಟು ಸಲ ಕರಾರನ್ನು ಮುರಿಯುತ್ತದೆಂದು ಎಣಿಸಿದರು. ಅವರ ಪುಸ್ತಕಗಳು 2011 ಮತ್ತು 2012ರಲ್ಲಿ ಹೊರಬಂದವು. ನಮ್ಮ ಉದಾಹರಣೆಯಂಥ ಹರಾಜಿನ ಬಳಿಕ, ದುರ್ಬಲವಾದ ನಾಲ್ಕೆಲೆಯ ಕಿರಿಯ ರಂಗಿಗಿಂತ, ಚಿಕ್ಕದಾದರೂ ಹಿರಿಯ ರಂಗಿನ ಎಲೆಯೇ ಅನೇಕ ವೇಳೆ ಮೇಲೆಂದು ಅವರ ಎಣಿಕೆ ತೋರಿಸಿತು. ತಲೆಮಾರುಗಳಿಂದ ಬಂದ ಸೂತ್ರ ಸುಳ್ಳಾಗಲಿಲ್ಲ. ಅದರ ಎಲ್ಲೆ ಎಲ್ಲಿಯವರೆಗೆ ಎಂಬುದು ಗೊತ್ತಾಯಿತು.

ಈ ವಿಧಾನಕ್ಕೂ ಎಲ್ಲೆಯುಂಟು. ಗಣಕವು ಪ್ರತಿ ಹಂಚಿಕೆಯನ್ನೂ ನಾಲ್ಕು ಕೈಗಳನ್ನು ತೆರೆದಿಟ್ಟುಕೊಂಡಂತೆ ಆಡಿಸಿ ನೋಡುತ್ತದೆ. ಎಲ್ಲರೂ ಎಲ್ಲವನ್ನೂ ಕಂಡಂತೆ ಆಡುತ್ತಾರೆಂದು ಭಾವಿಸುತ್ತದೆ. ನಿಜವಾದ ಕರಾರುದಾರನಿಗೆ ಅಂಥ ದಿವ್ಯದೃಷ್ಟಿಯಿಲ್ಲ. ರಾಣಿ ಎಲ್ಲಿದೆಯೆಂದು ತಿಳಿಯದೆ ಆತ ಎಡವಬಹುದು. ನಿಮ್ಮ ಮೊದಲ ಎಲೆಯೇ ಅವನಿಗೆ ದಾರಿ ತೋರಿಸಿಬಿಡಲೂಬಹುದು. ಈ ಲಾಭನಷ್ಟಗಳು ಗಣಕದ ಎಣಿಕೆಗೆ ಸಿಕ್ಕುವುದಿಲ್ಲ. ಸರಳೀಕರಣ ಮಾಡದೆ ವಿಜ್ಞಾನವಿಲ್ಲ. ಮಾಡಿದ್ದನ್ನು ಮರೆತರೂ ವಿಜ್ಞಾನವಿಲ್ಲ.

ನೀವೇ ಮಾಡಿ ನೋಡಿ

ಇದನ್ನು ಪರೀಕ್ಷಿಸಲು ಗಣಕಯಂತ್ರ ಬೇಕಾಗಿಲ್ಲ. ಒಂದು ಕಟ್ಟು ಇಸ್ಪೀಟು ಸಾಕು. ಮೇಲೆ ಹೇಳಿದ ಪಶ್ಚಿಮದ 13 ಎಲೆಗಳನ್ನು ಪಕ್ಕಕ್ಕಿಡಿ. ಉಳಿದ 39ನ್ನು ಚೆನ್ನಾಗಿ ಕಲಸಿ ಮೂರು ಪಾಲು ಮಾಡಿ, ಪೂರ್ವದಲ್ಲಿ ಎಷ್ಟು ಇಸ್ಪೇಟುಗಳು ಬಂದವೆಂದು ಬರೆದುಕೊಳ್ಳಿ. ಹೀಗೆ 60 ಸಲ ಮಾಡಿ ಸರಾಸರಿ ತೆಗೆಯಿರಿ, 3.67ರ ಆಸುಪಾಸಿನಲ್ಲಿರಬೇಕು. ಆಮೇಲೆ ಉತ್ತರದಲ್ಲಿ ಇಸ್ಪೇಟು 3ಕ್ಕೆ ಮೀರದೆ, ದಕ್ಷಿಣದಲ್ಲಿ 2ರಿಂದ 4 ಇರುವ ಹಂಚಿಕೆಗಳನ್ನು ಮಾತ್ರ ಆರಿಸಿಕೊಳ್ಳಿ. ಸುಮಾರು ನಾಲ್ಕರಲ್ಲಿ ಒಂದು ಉಳಿಯುತ್ತದೆ. ಅವುಗಳ ಸರಾಸರಿ 5ರ ಹತ್ತಿರ ಬರುವುದನ್ನು ಕಣ್ಣಾರೆ ಕಾಣುವಿರಿ. ಗೆಳೆಯರು ಗುಂಪಾಗಿ ಮಾಡಿದರೆ ಒಂದು ಮಧ್ಯಾಹ್ನದ ಕೆಲಸ.

ನಿರ್ಧಾರ ಬೇರೆ, ಫಲ ಬೇರೆ

ಕೊನೆಯದಾಗಿ ಒಂದು ಮಾತು. ಇಷ್ಟೆಲ್ಲ ವಿಚಾರ ಮಾಡಿ ಇಳಿಸಿದ ಇಸ್ಪೇಟು 10 ಸೋಲಬಹುದು. ಪೂರ್ವದವನಲ್ಲಿ ಇಸ್ಪೇಟು ಎರಡೇ ಇದ್ದು, ಪಕ್ಕದ ಮೇಜಿನಲ್ಲಿ ಯಾವ ವಿಚಾರವನ್ನೂ ಮಾಡದೆ ಡೈಮನ್ ಇಳಿಸಿದವನು ಗೆದ್ದು ನಗಬಹುದು. ಆಗ ‘ನನ್ನ ನಿರ್ಧಾರ ತಪ್ಪಾಯಿತು’ ಎಂದು ಕೈ ಹಿಸುಕಿಕೊಳ್ಳುವುದು ನಮ್ಮ ಸ್ವಭಾವ. ಆದರೆ ನಿರ್ಧಾರದ ಯೋಗ್ಯತೆಯನ್ನು ಅಳೆಯಬೇಕಾದುದು ಅದನ್ನು ಕೈಗೊಂಡ ಕ್ಷಣದಲ್ಲಿ ಲಭ್ಯವಿದ್ದ ಸಾಕ್ಷಿಗಳಿಂದ. ಮುಚ್ಚಿದ್ದ ಎಲೆಗಳನ್ನು ತೆರೆದ ಮೇಲೆ ಬಂದ ಜ್ಞಾನದಿಂದಲ್ಲ. ಕೆಟ್ಟ ನಿರ್ಧಾರಕ್ಕೆ ಒಳ್ಳೆಯ ಫಲ ಬಂದರೆ ಅದು ಅದೃಷ್ಟ. ಅದನ್ನೇ ಪಾಠವೆಂದು ಕಲಿತವನು ಮುಂದಿನ ನೂರು ಆಟಗಳಲ್ಲಿ ಅದರ ಬೆಲೆಯನ್ನು ತೆರುತ್ತಾನೆ.

ಸ್ಪರ್ಧೆಗಳಲ್ಲಿ ಬ್ರಿಡ್ಜನ್ನು ಆಡುವ ಕ್ರಮದಲ್ಲಿಯೂ ಈ ವಿವೇಕ ಅಡಗಿದೆ. ಅಲ್ಲಿ ಒಂದೇ ಹಂಚಿಕೆಯನ್ನು ಹಲವು ಮೇಜುಗಳಲ್ಲಿ ಆಡಿಸಿ, ಒಂದೇ ಎಲೆಗಳಿಂದ ಯಾರು ಎಷ್ಟು ಸಾಧಿಸಿದರೆಂದು ಹೋಲಿಸುತ್ತಾರೆ. ಒಳ್ಳೆಯ ಎಲೆ ಬಂದವನಿಗೆ ಅದರಿಂದಲೇ ಗೆಲುವಿಲ್ಲ, ಕೆಟ್ಟ ಎಲೆ ಬಂದವನಿಗೆ ಅದರಿಂದಲೇ ಸೋಲಿಲ್ಲ. ಅದೃಷ್ಟದ ಪಾಲನ್ನು ಹೀಗೆ ಬಹುಮಟ್ಟಿಗೆ ಸೋಸಿ ತೆಗೆದ ಮೇಲೆ ಉಳಿಯುವುದು ವಿಚಾರದ ಬಲ. 2018ರಲ್ಲಿ ಜಕಾರ್ತಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜ್ ಮೊದಲ ಬಾರಿಗೆ ಸೇರ್ಪಡೆಯಾದಾಗ, ಪುರುಷರ ಜೋಡಿ ವಿಭಾಗದ ಚಿನ್ನದ ಪದಕವನ್ನು ಪಡೆದವರು ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್. ಇಬ್ಬರೂ ಐವತ್ತು ದಾಟಿದ್ದವರು.

ಪರೀಕ್ಷೆಯಾದ ಮೇಲೆ ಯಾವ ವಿಷಯವನ್ನು ಆರಿಸಿಕೊಳ್ಳುವುದು, ಯಾವ ಊರಿಗೆ ಹೋಗುವುದು ಎಂದು ಯೋಚಿಸುತ್ತಿರುವ ವಿದ್ಯಾರ್ಥಿಯೂ ಮೊದಲ ಎಲೆಯನ್ನು ಹಿಡಿದು ಕುಳಿತವನೇ. ಡಮ್ಮಿ ತೆರೆಯುವುದು ಎಲೆಯನ್ನು ಇಳಿಸಿದ ಮೇಲೆ. ಅಲ್ಲಿಯವರೆಗೆ ನಾವು ಮಾಡಬಹುದಾದುದು ಇಷ್ಟು: ಕಂಡುದನ್ನು ಸರಿಯಾಗಿ ಎಣಿಸುವುದು, ಆಡಿದ ಮಾತನ್ನೂ ಆಡದ ಮಾತನ್ನೂ ತೂಗಿ ನೋಡುವುದು, ಅನಂತರ ಧೈರ್ಯವಾಗಿ ಎಲೆಯನ್ನು ಇಳಿಸುವುದು.